ನಮ್ಮ ಹಾಲ್ಟ್‌ನಲ್ಲಿ ಪ್ಯಾಸೆಂಜರ್ ಗಾಡಿ ಮತ್ತೆ ನಿಲ್ಲಲಿ ಎಂದು ಕೇಳುವುದು ಅತಿಯಾಸೆಯೇ?

ಹಳಿಪಕ್ಕದ ಮನೆ (ಚರ್ಚೆ ಆರಂಭಿಸಿದವರು)

ಮಧ್ಯ ಕರ್ನಾಟಕದ ನಮ್ಮ ಊರಿಗೆ ಒಂದು ಸಣ್ಣ ಹಾಲ್ಟ್, ಅಂದರೆ ಗಾಡಿ ಒಂದೆರಡು ನಿಮಿಷ ನಿಂತು ಹೋಗುವ ಪುಟ್ಟ ನಿಲ್ದಾಣ, ಇದೆ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಇದೇ ಕಥೆ ಹೇಳಬಲ್ಲ ಹಾಲ್ಟ್‌ಗಳು ರಾಜ್ಯದ ತುಂಬ ಇವೆ. 2020ರ ಮಾರ್ಚ್‌ನಲ್ಲಿ ದೇಶದ ಪ್ರಯಾಣಿಕ ರೈಲುಗಳೆಲ್ಲ ನಿಂತಾಗ ನಮ್ಮ ಬೆಳಗಿನ ಮತ್ತು ಸಂಜೆಯ ಪ್ಯಾಸೆಂಜರ್ ಗಾಡಿಗಳೂ ನಿಂತವು. ಮುಂದೆ ಗಾಡಿಗಳು ಒಂದೊಂದಾಗಿ ಹಳಿಗೆ ಮರಳಿದವು. ಆದರೆ ಅವುಗಳ ಹೆಸರಿಗೆ ‘ಎಕ್ಸ್‌ಪ್ರೆಸ್ ವಿಶೇಷ’ ಎಂಬ ಬಾಲ ಸೇರಿತು, 10 ರೂಪಾಯಿ ಇದ್ದ ಕನಿಷ್ಠ ದರ 30 ರೂಪಾಯಿ ಆಯಿತು, ನಮ್ಮಂಥ ಹಾಲ್ಟ್‌ಗಳು ವೇಳಾಪಟ್ಟಿಯಿಂದ ಮಾಯವಾದವು. 2024ರ ಫೆಬ್ರುವರಿಯಲ್ಲಿ ದರವೇನೋ ಹಳೆಯ ಮಟ್ಟಕ್ಕೆ ಇಳಿಯಿತು, ನಿಲುಗಡೆ ಮಾತ್ರ ಮರಳಲಿಲ್ಲ.

ಈಚೆಗೆ ಊರಿನ ಕೆಲವರು ಮನವಿ ಹಿಡಿದುಕೊಂಡು ಹೋದಾಗ ಸಿಕ್ಕ ಉತ್ತರ ಒಂದೇ ಸಾಲಿನದು: ನಿಮ್ಮಲ್ಲಿ ಟಿಕೆಟ್ ಹರಿಯುವುದಿಲ್ಲ. ಟಿಕೆಟ್ ಎಣಿಕೆಯೊಂದರಿಂದಲೇ ಒಂದು ಹಳ್ಳಿಗೆ ರೈಲು ಬೇಕೋ ಬೇಡವೋ ಎಂದು ತೀರ್ಮಾನಿಸಬಹುದೇ ಎಂಬುದು ನನ್ನ ಪ್ರಶ್ನೆ. ನಿಮ್ಮ ಊರುಗಳಲ್ಲಿ ಪ್ಯಾಸೆಂಜರ್ ಗಾಡಿ ಹೋದಾಗ ಏನೇನು ಹೋಯಿತು, ಬಂದಾಗ ಏನೇನು ಬಂತು ಎಂಬುದನ್ನು ತಿಳಿಸಿದರೆ ಮುಂದಿನ ಮನವಿಯಲ್ಲಿ ಸೇರಿಸಿಕೊಳ್ಳುತ್ತೇವೆ. ‘ಎಲ್ಲರೂ ಒಗ್ಗಟ್ಟಾಗಿ ಹೋರಾಡೋಣ’ ಎಂಬ ಬಗೆಯ ಹಾರೈಕೆಗಳು ಈಗಾಗಲೇ ಸಾಕಷ್ಟು ಸಿಕ್ಕಿವೆ, ದಯವಿಟ್ಟು ವಿಷಯ ಬರೆಯಿರಿ.

ಲೆಕ್ಕಿಗ

ಅಪ್ರಿಯವಾದ ಮಾತನ್ನು ಮೊದಲು ನಾನೇ ಆಡಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಟಿಕೆಟ್‌ಗಳ ಮೇಲೆಯೇ ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ. 57ರಷ್ಟು ಮಾತ್ರ ವಸೂಲಾಗುತ್ತದೆ ಎಂದು ಮುದ್ರಿಸುತ್ತಿದ್ದರು. ಉಳಿದದ್ದನ್ನು ಕಲ್ಲಿದ್ದಲು, ಅದಿರು, ಸಿಮೆಂಟು ಹೊತ್ತ ಗೂಡ್ಸ್ ಗಾಡಿಗಳು ತುಂಬಿಕೊಡುತ್ತವೆ. ಪ್ಯಾಸೆಂಜರ್ ಗಾಡಿಯಲ್ಲಂತೂ ಈ ನಷ್ಟ ಇನ್ನೂ ಹೆಚ್ಚು. ಬೆರಳೆಣಿಕೆಯ ಜನರಿಗಾಗಿ ಇಡೀ ಗಾಡಿಯನ್ನು ನಿಲ್ಲಿಸಿ ಮತ್ತೆ ವೇಗಕ್ಕೆ ತರಲು ತಗಲುವ ವಿದ್ಯುತ್ತು, ಸಮಯ, ಹಿಂದಿನಿಂದ ಬರುವ ಗಾಡಿಗೆ ಆಗುವ ತಡ, ಇವನ್ನೆಲ್ಲ ಯಾರು ಭರಿಸಬೇಕು? ಊರಿಗೆ ಬಸ್ಸು ಇದೆಯೆಂದಾದರೆ ರೈಲೂ ಬೇಕು ಎನ್ನುವುದಕ್ಕೆ ಭಾವನೆಯನ್ನು ಬಿಟ್ಟು ಬೇರೆ ಕಾರಣ ಬೇಕಾಗುತ್ತದೆ.

ಸಂತೆ ದಾರಿ

ಬಸ್ಸು ಇದೆ, ಸ್ವಾಮಿ. ಆ ಬಸ್ಸಿನ ಮೇಲೆ ನಾಲ್ಕು ಮೂಟೆ ಬದನೆಕಾಯಿ ಹಾಕಿ ತೋರಿಸಿ, ಆಮೇಲೆ ಮಾತಾಡೋಣ.

ಊರಿಗಾಂ ನಿವಾಸಿ

ಲೆಕ್ಕಿಗರು ಕಾರಣ ಕೇಳಿದ್ದಾರೆ. ನಮ್ಮ ಕೆಜಿಎಫ್ ಆ ಕಾರಣದ ಮೇಲೆಯೇ ಬದುಕಿದೆ. 2001ರಲ್ಲಿ ಚಿನ್ನದ ಗಣಿಯನ್ನು ಮುಚ್ಚಿದಾಗ ಊರಿನಲ್ಲಿ ಬೇರೆ ಉದ್ಯೋಗವೇ ಇರಲಿಲ್ಲ. ಜನ ಊರು ಬಿಡಬಹುದಿತ್ತು, ಆದರೆ ಬಿಡಲಿಲ್ಲ, ಏಕೆಂದರೆ ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುವ ಗಾಡಿಗಳಿದ್ದವು. ಗಣಿಯ ಸರಕಿಗಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಹಾಕಿದ ಆ ಕವಲು ಹಳಿ ಗಣಿ ಸತ್ತ ಮೇಲೆ ಕಾರ್ಮಿಕರ ಮಕ್ಕಳ ಅನ್ನದ ದಾರಿಯಾಯಿತು. ಸೆಕ್ಯುರಿಟಿ ಕೆಲಸದವರು, ಗಾರ್ಮೆಂಟ್ಸ್ ಹೆಂಗಸರು, ಆಸ್ಪತ್ರೆಯ ದಾದಿಯರು, ಎಲೆಕ್ಟ್ರಿಷಿಯನ್‌ಗಳು ಕತ್ತಲಿರುವಾಗಲೇ ಹತ್ತಿ, ರಾತ್ರಿ ಊಟದ ಹೊತ್ತಿಗೆ ಇಳಿಯುತ್ತಾರೆ. ಅವರೆಲ್ಲ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದರೆ ಸಂಬಳದ ಅರ್ಧ ಅಲ್ಲಿಗೇ ಹೋಗುತ್ತಿತ್ತು. ಸೀಸನ್ ಟಿಕೆಟ್ ಇರುವುದರಿಂದ ಆ ಹಣ ಕೆಜಿಎಫ್‌ನ ಕಿರಾಣಿ ಅಂಗಡಿಗೆ, ಶಾಲೆಗೆ, ಮನೆಯ ಚಾವಣಿಯ ರಿಪೇರಿಗೆ ಬರುತ್ತದೆ. ರೈಲ್ವೆಯ ಖಾತೆಯಲ್ಲಿ ಇದನ್ನು ಬರೆದುಕೊಳ್ಳಲು ಕಾಲಂ ಇಲ್ಲ ಎಂದ ಮಾತ್ರಕ್ಕೆ ಈ ಲಾಭ ಇಲ್ಲವೆಂದಾಗುತ್ತದೆಯೇ?

ಲೆಕ್ಕಿಗ

ಊರಿಗಾಂ ನಿವಾಸಿಯವರೇ, ನಿಮ್ಮ ಗಾಡಿ ತುಂಬಿ ತುಳುಕುತ್ತದೆ. ತುಂಬಿದ ಗಾಡಿಯನ್ನು ನಿಲ್ಲಿಸಿ ಎಂದು ಯಾರೂ ಹೇಳುತ್ತಿಲ್ಲ. ಚರ್ಚೆ ಇರುವುದು ಜನ ಹತ್ತದ ಹಾಲ್ಟ್‌ಗಳ ಬಗ್ಗೆ. ಇವೆರಡನ್ನೂ ಬೆರೆಸಬೇಡಿ.

ನಿವೃತ್ತ ಎಸ್.ಎಂ.

ಇಬ್ಬರ ನಡುವೆ ಬಾಯಿ ಹಾಕುತ್ತಿದ್ದೇನೆ. ಸ್ಟೇಷನ್ ಮಾಸ್ತರಿಕೆಯಲ್ಲಿಯೇ ಜೀವ ಸವೆಸಿದವನಾದ್ದರಿಂದ ಟಿಕೆಟ್ ಎಣಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹೇಳಬಲ್ಲೆ.

ಹಾಲ್ಟ್‌ನಲ್ಲಿ ರೈಲ್ವೆ ನೌಕರ ಇರುವುದಿಲ್ಲ. ಅದೇ ಊರಿನ ಒಬ್ಬ ಏಜೆಂಟ್ ಕಮಿಷನ್ ಆಧಾರದ ಮೇಲೆ ಟಿಕೆಟ್ ಮಾರುತ್ತಾನೆ. ಹತ್ತಿರದ ದೊಡ್ಡ ನಿಲ್ದಾಣಕ್ಕೆ ಹೋಗಿ, ಮುಂಗಡ ಹಣ ಕಟ್ಟಿ, ಟಿಕೆಟ್ ಕಟ್ಟನ್ನು ತಂದು, ಗಾಡಿಯ ಹೊತ್ತಿಗೆ ಗೂಡಿನಂಥ ಕೋಣೆಯ ಕಿಟಕಿ ತೆರೆಯುವುದು ಅವನ ಕೆಲಸ. ಕಮಿಷನ್ ಬಹಳ ಸಣ್ಣದು. ಅವನು ಒಂದು ದಿನ ಮದುವೆಗೋ ತಿಥಿಗೋ ಹೋದರೆ ಅಂದು ಆ ಹಾಲ್ಟ್‌ನ ವರಮಾನ ಸೊನ್ನೆ. ಹತ್ತಿದವರು ಹತ್ತಿರುತ್ತಾರೆ, ಮುಂದಿನ ನಿಲ್ದಾಣದಲ್ಲಿ ಇಳಿದು ಟಿಕೆಟ್ ತೆಗೆದುಕೊಂಡರೆ ಆ ಹಣ ಆ ನಿಲ್ದಾಣದ ಲೆಕ್ಕಕ್ಕೆ ಸೇರುತ್ತದೆ.

ಇನ್ನೊಂದು ವಿಷಯವಿದೆ. ಬೆಳಗ್ಗೆ ಪೇಟೆಗೆ ಹೋಗಿ ಸಂಜೆ ಮರಳುವವನು ಪೇಟೆಯಲ್ಲಿ ಕೊಂಡ ಟಿಕೆಟ್ ಪೇಟೆಯ ವರಮಾನವೇ ಆಗುತ್ತದೆ. ಸೀಸನ್ ಪಾಸನ್ನೂ ಬಹಳಷ್ಟು ಮಂದಿ ದೊಡ್ಡ ನಿಲ್ದಾಣದಲ್ಲಿಯೇ ಮಾಡಿಸುತ್ತಾರೆ. ಹೀಗಾಗಿ ಹಾಲ್ಟ್‌ನ ಹೆಸರಿನಲ್ಲಿ ದಾಖಲಾಗುವ ಟಿಕೆಟ್‌ಗಳಿಗಿಂತ ಅದನ್ನು ಬಳಸುವವರು ಯಾವಾಗಲೂ ಹೆಚ್ಚು. ಅಧಿಕಾರಿಗಳಿಗೆ ಇದು ಗೊತ್ತಿಲ್ಲವೆಂದಲ್ಲ. ಕೇಳಿದರೆ ಕೈಯಲ್ಲಿರುವ ಅಂಕಿಯನ್ನಷ್ಟೇ ಕೊಡುತ್ತಾರೆ.

ಹಳಿಪಕ್ಕದ ಮನೆ

ಎಸ್.ಎಂ. ಅವರೇ, ನಮ್ಮ ಏಜೆಂಟ್ 2020ರ ನಂತರ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಗಾಡಿ ಮತ್ತೆ ನಿಂತರೂ ಆ ಕಿಟಕಿಯಲ್ಲಿ ಕೂರಲು ಬರುವುದಿಲ್ಲ ಎನ್ನುತ್ತಾನೆ. ಮೊಬೈಲಿನಲ್ಲಿಯೇ ಟಿಕೆಟ್ ತೆಗೆಯುವ ಈ ಕಾಲದಲ್ಲಿ ಏಜೆಂಟ್ ಇಲ್ಲದೆಯೂ ಹಾಲ್ಟ್ ನಡೆಯಬಹುದೇ?

ನಿವೃತ್ತ ಎಸ್.ಎಂ.

ನಡೆಯಬಹುದು, ಆದರೆ ಸೊಪ್ಪು ಮಾರುವ ಅಜ್ಜಿಯ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಬೇಕಾಗುತ್ತದೆ. ಎರಡೂ ಇರಲಿ ಎಂದು ಕೇಳಿ. ಆ್ಯಪ್‌ನಲ್ಲಿ ಹೊರಡುವ ನಿಲ್ದಾಣವಾಗಿ ನಿಮ್ಮ ಹಾಲ್ಟ್‌ನ ಹೆಸರನ್ನೇ ಆರಿಸಿ ಟಿಕೆಟ್ ತೆಗೆಯುವಂತೆ ಹುಡುಗರಿಗೆ ಹೇಳಿ. ಆಗ ವರಮಾನ ನಿಮ್ಮ ಹೆಸರಿಗೇ ಬೀಳುತ್ತದೆ.

ಬಸ್ಸೇ ಸಾಕು

2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ. ನಮ್ಮ ಮನೆಯಲ್ಲಿ ನಾಲ್ವರು ಹೆಂಗಸರಿದ್ದಾರೆ, ಯಾರೂ ರೈಲಿನ ಹೆಸರೆತ್ತುವುದಿಲ್ಲ. ಪುಕ್ಕಟೆ ಬಸ್ಸು ಮನೆ ಮುಂದೆ ನಿಲ್ಲುವಾಗ ಹತ್ತು ರೂಪಾಯಿ ಕೊಟ್ಟು ಊರಾಚೆಯ ಹಾಲ್ಟ್‌ಗೆ ನಡೆಯುವವರು ಯಾರು?

ಶಕ್ತಿ ಪ್ರಯಾಣಿಕೆ

ನಾನು ಅದೇ ಪುಕ್ಕಟೆ ಬಸ್ಸಿನಲ್ಲಿ ಓಡಾಡುವವಳು, ಆ ಯೋಜನೆಯಿಂದ ನನಗೆ ಬಹಳ ಉಪಕಾರವಾಗಿದೆ. ಆದರೂ ‘ಬಸ್ಸೇ ಸಾಕು’ ಎನ್ನುವವರಿಗೆ ನನ್ನ ಸಹಮತವಿಲ್ಲ. ಮೊದಲನೆಯದಾಗಿ, ಬಸ್ಸು ಈಗ ಎಷ್ಟು ತುಂಬಿರುತ್ತದೆಯೆಂದರೆ ನಡುದಾರಿಯ ಹಳ್ಳಿಗಳಲ್ಲಿ ಕೈಯೊಡ್ಡಿದರೂ ನಿಲ್ಲಿಸದೆ ಹೋಗುತ್ತಾರೆ. ಎರಡನೆಯದಾಗಿ, ನನ್ನ ಅತ್ತೆಗೆ ಮಧುಮೇಹವಿದೆ, ಎರಡು ಗಂಟೆ ಮೂತ್ರ ತಡೆದುಕೊಂಡು ಬಸ್ಸಿನಲ್ಲಿ ಕೂರುವುದು ಅವರಿಂದಾಗದು. ಜಿಲ್ಲಾ ಆಸ್ಪತ್ರೆಗೆ ಹೋಗುವ ದಿನ ಅವರು ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಗಾಡಿ ಇದ್ದಾಗ ಬೋಗಿಯಲ್ಲಿ ಶೌಚಾಲಯವಿತ್ತು, ಕಾಲು ಚಾಚಲು ಜಾಗವಿತ್ತು. ಇದನ್ನು ಗಂಡಸರು ಯಾವ ಮನವಿಯಲ್ಲಿಯೂ ಬರೆಯುವುದಿಲ್ಲ, ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಸಂತೆ ದಾರಿ

ಅಕ್ಕ ಹೇಳಿದ್ದು ನೂರಕ್ಕೆ ನೂರು ಸತ್ಯ. ಮನವಿಯ ಮೊದಲ ಸಾಲಿಗೇ ಅದು ಹೋಗಬೇಕು.

ಪುತ್ತೂರಿನ ಕೃಷಿಕ

ನಮ್ಮ ಕಡೆಯ ಅನುಭವವನ್ನೂ ಸೇರಿಸುತ್ತೇನೆ. ಹಾಸನ–ಮಂಗಳೂರು ಮೀಟರ್‌ಗೇಜ್ (ಕಡಿಮೆ ಅಗಲದ ಹಳಿಯ) ದಾರಿ 1979ರಲ್ಲಿ ತೆರೆಯಿತು. ಗೇಜ್ ಬದಲಾವಣೆಗೆಂದು 1996ರಲ್ಲಿ ನಿಲ್ಲಿಸಿದ ಪ್ರಯಾಣಿಕ ಸಂಚಾರ ಘಾಟಿಯ ಮೇಲೆ ಮರಳಿ ಆರಂಭವಾದದ್ದು 2007ರ ಡಿಸೆಂಬರ್‌ನಲ್ಲಿ. ಬ್ರಾಡ್‌ಗೇಜ್ ಬಂದ ಮೇಲೆ ನಮ್ಮ ತಲೆಯ ಮೇಲಿಂದ ಬೆಂಗಳೂರಿನ ರಾತ್ರಿ ಗಾಡಿಗಳು ಹೋಗತೊಡಗಿದವು. ಎಲ್ಲರಿಗೂ ಸಂತೋಷವೇ. ಆದರೆ ಎಡಮಂಗಲದವನು ಮಂಗಳೂರಿನ ಆಸ್ಪತ್ರೆಗೆ ಹೋಗಿ ಸಂಜೆಗೆ ಮನೆ ಸೇರಲು ಆ ಗಾಡಿಗಳಿಂದ ಏನುಪಯೋಗ? ಮಂಗಳೂರಿನಿಂದ ಹೊರಟ ಲೋಕಲ್ ಗಾಡಿಗಳು ಕಬಕ ಪುತ್ತೂರಿಗೇ ಬಂದು ತಿರುಗಿ ಹೋಗುತ್ತಿದ್ದವು. ಅದನ್ನು ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಬೆಳೆಸಿ ಎಂದು ನಮ್ಮವರು ವರ್ಷಗಟ್ಟಲೆ ಬೇಡಿದರು. ಕೊನೆಗೆ 2025ರ ಏಪ್ರಿಲ್‌ನಲ್ಲಿ ವಿಸ್ತರಣೆಯಾಯಿತು.

ಇಷ್ಟು ವರ್ಷ ಏಕೆ ಹಿಡಿಯಿತು ಎಂಬುದರಲ್ಲಿ ಒಂದು ಪಾಠವಿದೆ. ಮಂಗಳೂರಿನ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿವೆ, ಪಡೀಲ್ ದಾಟಿದರೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ಬೋಗಿ ಒಬ್ಬರದು, ಹಳಿ ಇನ್ನೊಬ್ಬರದು. ಒಂದು ಜಿಲ್ಲೆಯೊಳಗಿನ ಲೋಕಲ್ ಗಾಡಿಗೆ ಎರಡು ವಲಯಗಳ ಒಪ್ಪಿಗೆ ಬೇಕು.

ಕಲಬುರಗಿ ಕಡೆಯವ

ನಿಮ್ಮದು ಎರಡು ವಲಯಗಳ ಗೋಳಾದರೆ ಇಡೀ ಕರ್ನಾಟಕದ್ದನ್ನು ಕೇಳಿ. ನೈಋತ್ಯ ರೈಲ್ವೆ 2003ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾಯಿತು, ಆದರೆ ನಮ್ಮ ಕಲಬುರಗಿ ಇರುವುದು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿ. ಬೀದರ್ ಸಿಕಂದರಾಬಾದಿಗೆ ಸೇರಿದ್ದು. ಕರಾವಳಿಯಲ್ಲಿ ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ ನಿಗಮ. ಕಲಬುರಗಿಗೆ ಪ್ರತ್ಯೇಕ ವಿಭಾಗ ಕೊಡುತ್ತೇವೆಂದು 2014ರಲ್ಲಿ ಘೋಷಿಸಿದರು, ಅದು ಘೋಷಣೆಯಾಗಿಯೇ ಉಳಿದಿದೆ. ಪ್ಯಾಸೆಂಜರ್ ಗಾಡಿಯ ವೇಳೆ ಹತ್ತು ನಿಮಿಷ ಹಿಂದೆ ಮುಂದೆ ಮಾಡಿಸಬೇಕಾದರೂ ನಾವು ನೆರೆರಾಜ್ಯದ ಊರಿಗೆ ಅರ್ಜಿ ಬರೆಯಬೇಕು. ದೂರದ ಗಾಡಿಗಳಿಗಾಗಿ ಸಂಸದರು ದೆಹಲಿಯಲ್ಲಿ ಮಾತಾಡುತ್ತಾರೆ, ಲೋಕಲ್ ಗಾಡಿಗೆ ಕೇಳುವವರೇ ಇಲ್ಲ.

ಬೀದರ್–ಕಲಬುರಗಿ ಹಳಿ 2017ರ ಅಕ್ಟೋಬರ್‌ನಲ್ಲಿ ತೆರೆದಾಗ ಹುಮನಾಬಾದ್, ಕಮಲಾಪುರದ ಕಡೆಯ ಮುದುಕರು ನಿಲ್ದಾಣಕ್ಕೆ ಬಂದು ಹಳಿಗೆ ಕುಂಕುಮ ಹಚ್ಚಿದ್ದನ್ನು ನಾನು ಕಂಡಿದ್ದೇನೆ. ಮುಂಚೆ ಬೀದರಿಗೆ ರೈಲಿನಲ್ಲಿ ಹೋಗಬೇಕಾದರೆ ವಾಡಿ, ವಿಕಾರಾಬಾದ್ ಸುತ್ತಿಕೊಂಡು ತೆಲಂಗಾಣದೊಳಗೆ ಹಾದು ಬರಬೇಕಿತ್ತು.

ಸಿಂಧನೂರು ಭತ್ತ

ನಮ್ಮ ಹಳಿ ಮಂಜೂರಾದದ್ದು 1997-98ರ ಬಜೆಟ್‌ನಲ್ಲಿ, ಸಿಂಧನೂರಿಗೆ ಗಾಡಿ ಬಂದದ್ದು 2024ರ ಮಾರ್ಚ್‌ನಲ್ಲಿ. ಭೂಮಿ ಕೊಟ್ಟವರಲ್ಲಿ ಎಷ್ಟೋ ಮಂದಿ ಗಾಡಿಯನ್ನು ನೋಡಲೇ ಇಲ್ಲ. ಹಳಿಯೇ ಇಲ್ಲದವರ ಮುಂದೆ ನಿಲುಗಡೆ ಇಲ್ಲವೆಂದು ಅಳುತ್ತೀರಲ್ಲ!

ಹಳಿಪಕ್ಕದ ಮನೆ

ಸಿಂಧನೂರಿನವರೇ, ನಿಮ್ಮದು ನ್ಯಾಯವಾದ ಸಿಟ್ಟು. ಆದರೆ ಇದ್ದ ಗಾಡಿಯನ್ನು ಕಿತ್ತುಕೊಂಡವರ ಸಂಕಟವೂ ಸಣ್ಣದಲ್ಲ. ಆ ಗಾಡಿ ಇದೆಯೆಂದೇ ಜನ ಮಕ್ಕಳನ್ನು ಪೇಟೆಯ ಕಾಲೇಜಿಗೆ ಸೇರಿಸಿರುತ್ತಾರೆ, ಮಗಳನ್ನು ಇಂಥ ಊರಿಗೆ ಕೊಟ್ಟಿರುತ್ತಾರೆ, ಹಳಿಯ ಪಕ್ಕದ ಜಮೀನಿನಲ್ಲಿ ತರಕಾರಿ ಹಾಕಿರುತ್ತಾರೆ.

ಸಾಗರದ ಮೇಷ್ಟ್ರು

ಕಾಲೇಜಿನ ಮಾತು ಬಂದದ್ದು ಒಳ್ಳೆಯದಾಯಿತು. ಹುಡುಗಿಯರಿಗೆ ಪದವಿಯವರೆಗೆ, ಹುಡುಗರಿಗೆ ಹನ್ನೆರಡನೆಯ ತರಗತಿಯವರೆಗೆ ಮನೆಯಿಂದ ಶಾಲೆಗೆ ಓಡಾಡಲು ಎರಡನೆಯ ದರ್ಜೆಯ ಸೀಸನ್ ಪಾಸನ್ನು ರೈಲ್ವೆ ಉಚಿತವಾಗಿ ಕೊಡುತ್ತದೆ. ಈ ಸೌಲಭ್ಯ ಇದೆಯೆಂಬುದೇ ಅನೇಕ ತಂದೆ ತಾಯಿಯರಿಗೆ ತಿಳಿದಿಲ್ಲ, ಕೆಲವು ಶಾಲೆಗಳ ಗುಮಾಸ್ತರಿಗೂ ತಿಳಿದಿಲ್ಲ. ಆದರೆ ಬೆಳಗ್ಗೆ ಎಂಟೂವರೆಗೆ ಪೇಟೆ ತಲಪುವ ಗಾಡಿ ಇಲ್ಲದಿದ್ದರೆ ಉಚಿತ ಪಾಸನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕಷ್ಟೆ.

ತಾಳಗುಪ್ಪದ ಹಳಿ ಮೀಟರ್‌ಗೇಜ್ ಆಗಿದ್ದಾಗ ಅಲ್ಲಿ ರೈಲ್‌ಬಸ್ ಓಡುತ್ತಿತ್ತು. ಹಳಿಯ ಮೇಲೆ ಓಡುವ ಒಂಟಿ ಬಸ್ಸು. ಮಳೆಗಾಲದಲ್ಲಿ ಕುಂಸಿ, ಅರಸಾಳು, ಆನಂದಪುರದ ನಡುವಿನ ಕಾಡುದಾರಿಯಲ್ಲಿ ಅದರೊಳಗೆ ಕೊಡೆ ಬಿಚ್ಚಿಕೊಂಡು ಕೂತವರನ್ನು ನೋಡಿದ್ದೇನೆ. ಚಾವಣಿ ಅಷ್ಟು ಸೋರುತ್ತಿತ್ತು. ಆದರೂ ತುಂಬಿರುತ್ತಿತ್ತು. 2011ರಲ್ಲಿ ತಾಳಗುಪ್ಪದವರೆಗೆ ಬ್ರಾಡ್‌ಗೇಜ್ ಬಂದು ಬೆಂಗಳೂರು, ಮೈಸೂರಿಗೆ ನೇರ ಸಂಪರ್ಕವಾಯಿತು, ಊರಿನ ಹುಡುಗರು ಹಬ್ಬಕ್ಕೆ ಬರುವುದು ಸುಲಭವಾಯಿತು. ಅದು ದೊಡ್ಡ ಲಾಭವೇ. ಆದರೂ ದೂರದ ಊರಿಗೆ ಹೋಗುವವನ ಅನುಕೂಲಕ್ಕೆ ಹೊಂದಿಸಿದ ವೇಳೆ ಪಕ್ಕದ ತಾಲ್ಲೂಕಿಗೆ ಹೋಗುವವನಿಗೆ ಒಗ್ಗುವುದಿಲ್ಲ. ಟಿಕೆಟ್ ಹರಿಯುವುದಿಲ್ಲ ಎನ್ನುವವರು ಮೊದಲು ಗಾಡಿಯ ವೇಳೆಯನ್ನು ನೋಡಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ರಾತ್ರಿ ಹನ್ನೊಂದಕ್ಕೆ ಮರಳುವ ಗಾಡಿಯನ್ನು ಹತ್ತುವ ರೈತನೂ ಇಲ್ಲ, ವಿದ್ಯಾರ್ಥಿಯೂ ಇಲ್ಲ. ವರ್ಷದ ಕೊನೆಗೆ ಜನ ಬಳಸಲಿಲ್ಲ ಎಂದು ಬರೆದು ಮುಗಿಸುತ್ತಾರೆ.

ಲೆಕ್ಕಿಗ

ವೇಳೆಯ ಬಗ್ಗೆ ಮೇಷ್ಟ್ರು ಹೇಳಿದ ಮಾತನ್ನು ಒಪ್ಪುತ್ತೇನೆ, ಅದು ಅಂಕಿಯಲ್ಲಿ ಹಿಡಿಯಬಹುದಾದ ವಿಷಯ. ಆದರೆ ಸಮಯಕ್ಕೆ ಸರಿಯಾಗಿ ಗಾಡಿ ಕೊಟ್ಟ ಮೇಲೂ ಜನ ಬರದಿದ್ದರೆ ಏನು ಮಾಡುತ್ತೀರಿ? ರೈತ ಈಗ ಮೂಟೆ ಹೊತ್ತುಕೊಂಡು ರೈಲಿಗೆ ಹೋಗುತ್ತಾನೆಯೇ? ಊರಿಗೊಂದು ಟಾಟಾ ಏಸ್ ಇದೆ, ಎಪಿಎಂಸಿಯ ಒಳಗೇ ಇಳಿಸುತ್ತದೆ. ಹತ್ತು ರೂಪಾಯಿಯ ಗಾಡಿಯ ಕಾಲ ಮುಗಿದಿದೆ ಎಂಬುದನ್ನು ನಮ್ಮ ಹಳ್ಳಿಗಳೇ ತೀರ್ಮಾನಿಸಿರಬಹುದಲ್ಲವೇ?

ಸಂತೆ ದಾರಿ

ಲೆಕ್ಕಿಗರೇ, ಟಾಟಾ ಏಸ್ ಯಾರಿಗೆ ಎಂಬುದನ್ನು ನೋಡಿ. ಎರಡು ಎಕರೆಯಲ್ಲಿ ಟೊಮೆಟೊ ಬೆಳೆದವನು ಏಸ್ ತರಿಸುತ್ತಾನೆ. ಹಿತ್ತಲಲ್ಲಿ ಬೆಳೆದ ಹತ್ತು ಕಟ್ಟು ಮೆಂತ್ಯ, ಒಂದು ಬುಟ್ಟಿ ಕನಕಾಂಬರ, ನಾಲ್ಕು ಲೀಟರ್ ಮಜ್ಜಿಗೆ ಇರುವವಳು ಏನು ತರಿಸಬೇಕು? ಏಸ್ ಬಾಡಿಗೆಯೇ ಅವಳ ದಿನದ ವ್ಯಾಪಾರವನ್ನು ಮೀರುತ್ತದೆ.

ನಮ್ಮ ತಾಯಿ ಅಂಥವರಲ್ಲಿ ಒಬ್ಬರು. ಹಾಲ್ಟ್‌ನಲ್ಲಿ ಪ್ಲಾಟ್‌ಫಾರಂ ಹಳಿಯ ಮಟ್ಟದಲ್ಲಿತ್ತು, ಬೋಗಿಯ ಮೊದಲ ಮೆಟ್ಟಿಲು ಅವರ ಸೊಂಟಕ್ಕೆ ಬರುತ್ತಿತ್ತು. ಮೊದಲು ಬುಟ್ಟಿಯನ್ನು ಒಳಗಿನವರ ಕೈಗೆ ಎತ್ತಿಕೊಟ್ಟು, ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕಂಬಿ ಹಿಡಿದು ಮೊಣಕಾಲೂರಿ ಹತ್ತುತ್ತಿದ್ದರು. ಕೆಳಗಿನಿಂದ ಯಾರಾದರೂ ಒಬ್ಬರು ಸೊಂಟಕ್ಕೆ ಕೈ ಕೊಡುತ್ತಿದ್ದರು. ಗಾರ್ಡಿಗೆ ಈ ಹೆಂಗಸರೆಲ್ಲರ ಗುರುತಿತ್ತು, ಕೊನೆಯ ಬುಟ್ಟಿ ಒಳಗೆ ಹೋಗುವವರೆಗೆ ಹಸಿರು ಬಾವುಟ ಎತ್ತುತ್ತಿರಲಿಲ್ಲ. ಪೇಟೆಯ ನಿಲ್ದಾಣದ ಎದುರಿಗೇ ಗೋಣಿ ಹಾಸಿ ಕೂತು ಮಾರಿ, ಮರುಗಾಡಿಗೆ ವಾಪಸ್. ನಿಲುಗಡೆ ಹೋದ ಮೇಲೆ ಅವರು ಸೊಪ್ಪನ್ನು ಊರಿಗೆ ಬರುವ ದಲ್ಲಾಳಿಗೆ ಕೊಡುತ್ತಿದ್ದಾರೆ, ಪೇಟೆಯ ಬೆಲೆಯ ಅರ್ಧವೂ ಸಿಗುವುದಿಲ್ಲ. ತೀರ್ಮಾನಿಸಿದ್ದು ಹಳ್ಳಿಯಲ್ಲ.

ಮದ್ದೂರು ಮೆಮು

ಮೈಸೂರು–ಬೆಂಗಳೂರು ದಾರಿಯಲ್ಲಿ ಈಗಲೂ ಇದನ್ನು ಕಣ್ಣಾರೆ ನೋಡಬಹುದು. ಎಲಿಯೂರು, ಹನಕೆರೆ, ಶೆಟ್ಟಿಹಳ್ಳಿ, ಕೇತೋಹಳ್ಳಿಯಂಥ ಸಣ್ಣ ನಿಲ್ದಾಣಗಳಲ್ಲಿ ಹತ್ತುವವರ ಕೈಯಲ್ಲಿ ಬರೀ ಬ್ಯಾಗಲ್ಲ, ಹೂವು, ಎಳನೀರು, ವೀಳ್ಯದೆಲೆ ಇರುತ್ತವೆ. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡಿನ ಚೀಲವೂ ಬರುತ್ತದೆ. ಅಂದಹಾಗೆ, ಗಾಡಿಯಲ್ಲಿ ಮಾರುವ ಮದ್ದೂರು ವಡೆಯ ಗಾತ್ರ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿರುವುದರ ಬಗ್ಗೆಯೂ ಯಾರಾದರೂ ಒಂದು ಮನವಿ ಬರೆಯಬೇಕು.

ಬಸ್ಸೇ ಸಾಕು

ವಡೆಯ ವಿಷಯದಲ್ಲಿ ಮಾತ್ರ ನಾನು ಈ ಚರ್ಚೆಯ ಎಲ್ಲರೊಂದಿಗೂ ಇದ್ದೇನೆ.

ಇಂಡಿ ನಿಂಬೆ

ಇತಿಹಾಸವನ್ನೂ ಸ್ವಲ್ಪ ನೋಡಿ. 1876ರಿಂದ 78ರವರೆಗಿನ ಬರಗಾಲದಲ್ಲಿ ನಮ್ಮ ಸೀಮೆಯಲ್ಲಿ ಜನ ಹುಳುಗಳಂತೆ ಸತ್ತರು. ಬೇರೆ ಕಡೆ ಧಾನ್ಯವಿದ್ದರೂ ಎತ್ತಿನ ಗಾಡಿಯಲ್ಲಿ ತರುವಷ್ಟರಲ್ಲಿ ಎತ್ತುಗಳೇ ಸಾಯುತ್ತಿದ್ದವು. ಆ ಬರ ಕಲಿಸಿದ್ದರಿಂದಲೇ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು, 1884ರಲ್ಲಿ ಗದಗ–ಹೊಟಗಿ ದಾರಿ ತೆರೆಯಿತು. ಅಂದರೆ ಬಾದಾಮಿ, ಬಾಗಲಕೋಟೆ, ವಿಜಯಪುರ, ಇಂಡಿಯ ಮೂಲಕ ಹೋಗುವ ಈ ಹಳಿಯನ್ನು ಹಾಕಿದ್ದೇ ಬರಪೀಡಿತ ನಾಡಿಗೆ ಆಸರೆಯಾಗಲೆಂದು. ಬ್ರಿಟಿಷರಿಗೆ ಅದರಿಂದ ಹತ್ತಿ ಸಾಗಿಸುವ ಲಾಭವೂ ಇತ್ತು, ಅವರನ್ನು ಧರ್ಮಾತ್ಮರೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಆದರೂ ಒಂದು ನಿಲ್ದಾಣದಲ್ಲಿ ಎಷ್ಟು ಟಿಕೆಟ್ ಹರಿದವು ಎಂಬುದಷ್ಟೇ ಅಂದಿನ ಪ್ರಶ್ನೆಯಾಗಿದ್ದರೆ ಈ ಹಳಿ ಹುಟ್ಟುತ್ತಲೇ ಇರಲಿಲ್ಲ.

ಇಂದಿಗೂ ಮಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳಿಂದ ಜನ ಗುಳೆ ಹೋಗುತ್ತಾರೆ. ಗಂಡ, ಹೆಂಡತಿ, ಮಕ್ಕಳು, ಪಾತ್ರೆಯ ಗಂಟು, ಒಂದು ಕೋಳಿ. ಸಣ್ಣ ನಿಲ್ದಾಣದಲ್ಲಿ ಪ್ಯಾಸೆಂಜರ್ ಹತ್ತಿ ಜಂಕ್ಷನ್‌ಗೆ ಹೋಗಿ ಅಲ್ಲಿಂದ ಜನರಲ್ ಬೋಗಿಯಲ್ಲಿ ಪುಣೆಗೋ ಬೆಂಗಳೂರಿಗೋ ಹೋಗುವುದು ಅವರ ಕ್ರಮ. ಆ ಮೊದಲ ಗಾಡಿಯನ್ನು ತೆಗೆದರೆ ದೂರದ ಗಾಡಿಯೂ ಅವರ ಪಾಲಿಗೆ ಇಲ್ಲವಾಗುತ್ತದೆ. ಇಡೀ ಪ್ರಯಾಣಕ್ಕೆ ಕಾಂಟ್ರಾಕ್ಟರನ ಟೆಂಪೋವನ್ನೇ ನೆಚ್ಚಬೇಕು, ಅದರ ಬಾಡಿಗೆ ಮುಂಗಡದ ಸಾಲಕ್ಕೆ ಸೇರುತ್ತದೆ.

ಎಡಿನ್‌ಬರೋ ಕನ್ನಡಿಗ

ನಾನಿರುವ ಸ್ಕಾಟ್ಲೆಂಡಿನ ಒಂದು ಉದಾಹರಣೆ ಇಲ್ಲಿಗೆ ಹೊಂದುತ್ತದೆ ಎನಿಸಿತು. 1963ರಲ್ಲಿ ಬೀಚಿಂಗ್ ಎಂಬ ಅಧಿಕಾರಿಯ ವರದಿ ಬ್ರಿಟನ್ನಿನ 2,363 ನಿಲ್ದಾಣಗಳನ್ನು ಮುಚ್ಚಬೇಕೆಂದು ಸೂಚಿಸಿತು. ಆಧಾರ ಇದೇ: ನಿಲ್ದಾಣವಾರು ಟಿಕೆಟ್ ವರಮಾನ. ಬದಲಿಗೆ ಬಸ್ಸು ಕೊಡುತ್ತೇವೆಂದರು. ಹಲವು ಕಡೆ ಆ ಬಸ್ಸುಗಳೂ ಕೆಲವೇ ವರ್ಷಗಳಲ್ಲಿ ನಿಂತವು. ಎಡಿನ್‌ಬರೋದಿಂದ ದಕ್ಷಿಣದ ಬಾರ್ಡರ್ಸ್ ಪ್ರದೇಶಕ್ಕೆ ಹೋಗುತ್ತಿದ್ದ ದಾರಿಯನ್ನು 1969ರಲ್ಲಿ ಮುಚ್ಚಿದರು. ಅದೇ ದಾರಿಯ ಒಂದು ಭಾಗವನ್ನು ಅಪಾರ ಖರ್ಚಿನಲ್ಲಿ ಹೊಸದಾಗಿ ಹಾಕಿ 2015ರಲ್ಲಿ ತೆರೆದರು. ಒಮ್ಮೆ ಹಳಿ ಕಿತ್ತು ಜಮೀನು ಮಾರಿದ ಮೇಲೆ ಮರಳಿ ಪಡೆಯುವುದು ಎಷ್ಟು ದುಬಾರಿ ಎಂಬುದನ್ನು ಈ ದೇಶ ಹೀಗೆ ಕಲಿತಿದೆ.

ಲೆಕ್ಕಿಗ

ಹೋಲಿಕೆ ಪೂರ್ತಿ ಕೂಡುವುದಿಲ್ಲ. ಅಲ್ಲಿ ಹಳಿಯನ್ನೇ ಕಿತ್ತರು. ನಮ್ಮಲ್ಲಿ ಹಳಿ ಜೋಡಿಯಾಗುತ್ತಿದೆ, ವಿದ್ಯುದೀಕರಣವಾಗುತ್ತಿದೆ, ಗಾಡಿಗಳು ಹೆಚ್ಚುತ್ತಿವೆ. ಇಲ್ಲಿ ಕಡಿಮೆಯಾದದ್ದು ಸಣ್ಣ ನಿಲ್ದಾಣಗಳ ನಿಲುಗಡೆ ಮಾತ್ರ.

ಅಳ್ನಾವರ ಜಂಕ್ಷನ್

ಅದನ್ನೇ ನಾವು ಹೇಳುತ್ತಿರುವುದು! ಹಳಿ ಇದೆ, ತಂತಿ ಇದೆ, ಅಮೃತ ಭಾರತ ಯೋಜನೆಯಲ್ಲಿ ನಿಲ್ದಾಣಗಳಿಗೆ ಹೊಸ ಕಮಾನು, ಗ್ರಾನೈಟು ಬರುತ್ತಿವೆ, ಇಲ್ಲದ್ದು ಊರಿನವರು ಹತ್ತುವ ಗಾಡಿ. ದಾಂಡೇಲಿಯ ಕಡೆಗೆ ಅಂಬೇವಾಡಿಯವರೆಗೆ ಪ್ಯಾಸೆಂಜರ್ ಗಾಡಿ ಎಷ್ಟೋ ವರ್ಷಗಳ ನಂತರ 2019ರ ನವೆಂಬರ್‌ನಲ್ಲಿ ಮತ್ತೆ ಆರಂಭವಾಯಿತು. ಜನ ಅದಕ್ಕೆ ಹೊಂದಿಕೊಳ್ಳುವ ಮೊದಲೇ ಕೋವಿಡ್ ಬಂದು ನಿಂತಿತು. ನಾಲ್ಕೈದು ತಿಂಗಳ ಓಟವನ್ನು ನೋಡಿ ಒಂದು ಗಾಡಿಯ ಭವಿಷ್ಯ ಬರೆಯುವುದು ಯಾವ ಲೆಕ್ಕ?

ನಿವೃತ್ತ ಎಸ್.ಎಂ.

ಲೆಕ್ಕಿಗರು ಆರಂಭದಲ್ಲಿ ನಿಲ್ಲಿಸಿ ಹೊರಡಿಸುವ ಖರ್ಚಿನ ಬಗ್ಗೆ ಕೇಳಿದ್ದರು, ಅದಕ್ಕೆ ಯಾರೂ ಉತ್ತರಿಸಲಿಲ್ಲ. ಅದು ಮುಖ್ಯವಾದ ಪ್ರಶ್ನೆ.

ಎಂಜಿನ್ ಎಳೆಯುವ ಹಳೆಯ ಮಾದರಿಯ ಗಾಡಿ ನಿಂತು ಮತ್ತೆ ವೇಗ ಹಿಡಿಯಲು ಬಹಳ ಸಮಯ ತೆಗೆದುಕೊಳ್ಳುತ್ತದೆ. ಪ್ರತ್ಯೇಕ ಎಂಜಿನ್ ಇಲ್ಲದೆ ವಿದ್ಯುತ್ತಿನಿಂದ ಓಡುವ ಲೋಕಲ್ ಗಾಡಿಯಾದ ಮೆಮು ಹಾಗಲ್ಲ. ಅದರ ಹಲವು ಬೋಗಿಗಳ ಅಡಿಯಲ್ಲಿಯೇ ಮೋಟಾರ್ ಇರುವುದರಿಂದ ಬೇಗ ನಿಲ್ಲುತ್ತದೆ, ಬೇಗ ಎದ್ದೇಳುತ್ತದೆ, ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಸುತ್ತಿಸಿ ತರುವ ಕೆಲಸವೂ ಇಲ್ಲ. ವಿದ್ಯುದೀಕರಣವಾದ ದಾರಿಯಲ್ಲಿ ಪ್ಯಾಸೆಂಜರ್ ಬದಲು ಮೆಮು ಓಡಿಸಿದರೆ ನಾಲ್ಕು ಹಾಲ್ಟ್‌ಗಳಲ್ಲಿ ನಿಂತೂ ಹಳೆಯ ವೇಳೆಯನ್ನೇ ಕಾಯ್ದುಕೊಳ್ಳಬಹುದು.

ಒಂಟಿ ಹಳಿಯಿರುವಲ್ಲಿ ನಿಜವಾಗಿ ಸಮಯ ತಿನ್ನುವುದು ಹಾಲ್ಟ್ ಅಲ್ಲ, ಕ್ರಾಸಿಂಗ್. ಎದುರಿನಿಂದ ಎಕ್ಸ್‌ಪ್ರೆಸ್ ಬರುವವರೆಗೆ ಪ್ಯಾಸೆಂಜರ್ ಗಾಡಿಯನ್ನು ಲೂಪ್‌ಲೈನಿನಲ್ಲಿ, ಅಂದರೆ ನಿಲ್ದಾಣದ ಪಕ್ಕದ ಹಳಿಯಲ್ಲಿ, ನಿಲ್ಲಿಸುತ್ತೇವೆ, ಹಿಂದಿನಿಂದ ಇನ್ನೊಂದು ಬಂದರೆ ಅದನ್ನೂ ಮುಂದೆ ಬಿಡುತ್ತೇವೆ. ಅರ್ಧ ಗಂಟೆ ಅಲ್ಲಿಯೇ ಹೋಗುತ್ತದೆ. ಎರಡು ನಿಮಿಷದ ಹಾಲ್ಟ್‌ನಿಂದ ವಿಳಂಬ ಎನ್ನುವವರು ಈ ಅರ್ಧ ಗಂಟೆಯ ಬಗ್ಗೆ ಮಾತಾಡುವುದಿಲ್ಲ. ಜೋಡಿ ಹಳಿಯಾದ ಕಡೆಗಳಲ್ಲಿ ಆ ನೆಪವೂ ಇಲ್ಲ. ನಿಮ್ಮ ದಾರಿ ಜೋಡಿಯಾಗಿದೆಯೇ?

ಹಳಿಪಕ್ಕದ ಮನೆ

ಜೋಡಿಯಾಗಿದೆ, ತಂತಿಯೂ ಬಂದಿದೆ. ಎರಡನೆಯ ಹಳಿಗೆ ನಮ್ಮೂರಿನವರೇ ಜಮೀನು ಕೊಟ್ಟಿದ್ದಾರೆ.

ನಿವೃತ್ತ ಎಸ್.ಎಂ.

ಹಾಗಾದರೆ ಮನವಿಯನ್ನು ಹೀಗೆ ಬರೆಯಿರಿ. ‘ನಿಲುಗಡೆ ಕೊಡಿ’ ಎಂದಷ್ಟೇ ಕೇಳಬೇಡಿ, ಆರು ತಿಂಗಳ ಪ್ರಾಯೋಗಿಕ ನಿಲುಗಡೆ ಕೇಳಿ. ಆ ವ್ಯವಸ್ಥೆ ರೈಲ್ವೆಯಲ್ಲಿಯೇ ಇದೆ, ಅಧಿಕಾರಿಗಳಿಗೆ ಒಪ್ಪಲು ಸುಲಭ. ಯಾವ ಗಾಡಿ, ಎಷ್ಟು ಗಂಟೆಗೆ ಎಂಬುದನ್ನು ಗಾಡಿ ಸಂಖ್ಯೆಯೊಂದಿಗೆ ನಮೂದಿಸಿ. ಸುತ್ತಲಿನ ಹಳ್ಳಿಗಳಿಂದ ಪೇಟೆಯ ಕಾಲೇಜಿಗೆ ಹೋಗುವ ಮಕ್ಕಳ ಪಟ್ಟಿಯನ್ನು ಕಾಲೇಜಿನ ಮೊಹರಿನೊಂದಿಗೆ ಲಗತ್ತಿಸಿ. ಗ್ರಾಮ ಪಂಚಾಯಿತಿಯ ನಿರ್ಣಯ ಇರಲಿ. ವಿಭಾಗೀಯ ರೈಲು ಬಳಕೆದಾರರ ಸಲಹಾ ಸಮಿತಿಯ ಸದಸ್ಯರು ಯಾರೆಂದು ತಿಳಿದುಕೊಂಡು ಮುಂದಿನ ಸಭೆಯ ವಿಷಯಸೂಚಿಗೆ ಸೇರಿಸುವಂತೆ ಬರೆಯಿರಿ. ಸಭೆಯಲ್ಲಿ ಎತ್ತಿದ ಪ್ರಶ್ನೆಗೆ ಅವರು ಲಿಖಿತ ಉತ್ತರ ಕೊಡಬೇಕಾಗುತ್ತದೆ. ಸಂಸದರಿಗೆ ಪ್ರತಿ ಕೊಡಿ, ಹಾರ ಹಾಕಿ ಫೋಟೊ ತೆಗೆಸಿಕೊಂಡು ಬಂದರೆ ಕೆಲಸವಾಯಿತೆಂದು ತಿಳಿಯಬೇಡಿ.

ಶಕ್ತಿ ಪ್ರಯಾಣಿಕೆ

ಪ್ಲಾಟ್‌ಫಾರಂ ಎತ್ತರಿಸಬೇಕೆಂಬುದನ್ನೂ ಸೇರಿಸಿ. ಒಂದು ದೀಪ, ಒಂದು ನೆರಳು, ಕುಡಿಯುವ ನೀರು. ಸಂಜೆಯ ಗಾಡಿಯಿಂದ ಇಳಿದ ಹುಡುಗಿಯರು ಕತ್ತಲಲ್ಲಿ ಊರವರೆಗೆ ನಡೆಯಬೇಕಾದರೆ ಅವರ ಮನೆಯವರು ಪಾಸು ಮಾಡಿಸುವುದೇ ಇಲ್ಲ.

ಸಿಂಧನೂರು ಭತ್ತ

ನಾನು ಸಿಟ್ಟಿನಿಂದ ಬರೆದಿದ್ದರೂ ನಿಮ್ಮ ಮನವಿಗೆ ನನ್ನ ಸಹಿಯೂ ಇರಲಿ. ಸಹಿ ಹಾಕಲು ಅದೇ ತಾಲ್ಲೂಕಿನವನಾಗಿರಬೇಕೆಂಬ ನಿಯಮವಿದೆಯೇ?

ಹಳಿಪಕ್ಕದ ಮನೆ

ಅಂಥ ನಿಯಮವೇನೂ ಇಲ್ಲ, ಸ್ವಾಗತ. ಕರಡನ್ನು ಈ ವಾರದಲ್ಲಿಯೇ ಸಿದ್ಧಪಡಿಸಿ ಇಲ್ಲಿ ಹಾಕುತ್ತೇನೆ. ಬೆಳಗಿನ ಗಾಡಿಯೊಂದನ್ನಾದರೂ ಮೊದಲು ಕೇಳೋಣ ಎಂದು ಊರಿನಲ್ಲಿ ಕೆಲವರ ಅಭಿಪ್ರಾಯ.

ಲೆಕ್ಕಿಗ

ಅದೊಂದು ಮಾತ್ರ ಮಾಡಬೇಡಿ. ಹೋಗಲು ಗಾಡಿ ಇದ್ದು ಬರಲು ಇಲ್ಲದಿದ್ದರೆ ಜನ ಬೆಳಗಿನದನ್ನೂ ಬಳಸುವುದಿಲ್ಲ, ಆರು ತಿಂಗಳ ನಂತರ ಆ ಅಂಕಿಯೇ ನಿಮಗೆ ತಿರುಗುಬಾಣವಾಗುತ್ತದೆ. ಎರಡನ್ನೂ ಒಟ್ಟಿಗೆ ಕೇಳಿ, ಒಂದೇ ಕೊಟ್ಟರೆ ಲಿಖಿತವಾಗಿ ಆಕ್ಷೇಪಿಸಿ. ನಷ್ಟದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಪ್ರಯೋಗ ಮಾಡುವುದಾದರೆ ಅದು ಸರಿಯಾದ ಪ್ರಯೋಗವಾಗಿರಬೇಕು. ಕರಡು ಹಾಕಿ, ಕೋಷ್ಟಕಗಳನ್ನು ನಾನು ತಿದ್ದಿಕೊಡುತ್ತೇನೆ.